‘ಬಾಲಕಾರ್ಮಿಕ ಪದ್ಧತಿ’ ಅನ್ನೋದು ಪ್ರಶ್ನೆ ಅಲ್ಲ: ಮಾನವ ಹಕ್ಕುಗಳ ಪ್ರಾಜೆಕ್ಟ್‌ಗೆ ಮಕ್ಕಳ ಕೈಲೇ ಪ್ರಶ್ನೆ ಮಾಡಿಸೋದು ಹೇಗೆ

ಡಿಸೆಂಬರ್ 10 ಹತ್ರ ಬರ್ತಿದ್ದಂಗೆ ನಮ್ಮ ಸ್ಟಾಫ್ ರೂಮಲ್ಲಿ ಚಾರ್ಟ್ ಪೇಪರ್ ರಾಶಿ ಬೀಳೋಕೆ ಶುರುವಾಗುತ್ತೆ. ಮಾನವ ಹಕ್ಕುಗಳ ದಿನಾಚರಣೆ, ಒಂಬತ್ತನೇ ಕ್ಲಾಸವ್ರು ಪ್ರಾಜೆಕ್ಟ್ ಮಾಡ್ಕೊಂಡ್ ಬನ್ನಿ ಅಂತ ನಾವೇ ಹೇಳಿರ್ತೀವಲ್ಲ, ಅದರ ಫಲ. 60 ಮಕ್ಕಳಲ್ಲಿ ಅರ್ಧಕ್ಕರ್ಧ ‘ಬಾಲಕಾರ್ಮಿಕ ಪದ್ಧತಿ’, ಉಳಿದವ್ರು ‘ವರದಕ್ಷಿಣೆ’ ಇಲ್ಲಾಂದ್ರೆ ‘ಹೆಣ್ಣು ಭ್ರೂಣ ಹತ್ಯೆ’. ಮೇಲೆ ಇಟ್ಟಿಗೆ ಹೊತ್ತಿರೋ ಹುಡುಗನ ಕಲರ್ ಪ್ರಿಂಟು, ಎಲ್ಲ ಚಾರ್ಟಲ್ಲೂ ಅದೇ ಹುಡುಗ, ಕೆಳಗೆ ‘ಇದು ಸಮಾಜಕ್ಕೆ ಅಂಟಿದ ಪಿಡುಗು’, ಕೊನೇಲಿ ‘ಬೇರುಸಮೇತ ಕಿತ್ತೊಗೆಯೋಣ’. ನಾನೂ 8 ವರ್ಷ ಇದಕ್ಕೆಲ್ಲ ನೀಟಾಗಿ ರೈಟ್ ಹಾಕಿ, ಸ್ಕೆಚ್ ಪೆನ್ನಲ್ಲಿ ಬಾರ್ಡರ್ ಚೆನ್ನಾಗಿ ಹಾಕಿದವ್ರಿಗೆ ಒಂದು ಮಾರ್ಕ್ಸ್ ಜಾಸ್ತಿ ಕೊಟ್ಟು ಎಫ್‌ಎ (ರೂಪಣಾತ್ಮಕ ಮೌಲ್ಯಮಾಪನ) ರಿಜಿಸ್ಟರ್ ತುಂಬ್ಸಿದೀನಿ, ಸುಳ್ಳು ಯಾಕೆ ಹೇಳ್ಲಿ.

ಒಂದು ವರ್ಷ ಒಬ್ಬ ಹುಡುಗ ಇಂಥದ್ದೇ ಚಾರ್ಟ್ ಹಿಡ್ಕೊಂಡು ಬಂದು ಕ್ಲಾಸ್ ಮುಂದೆ ನಿಂತು ಓದ್ತಿದ್ದ, ಉಗುರಿನ ಸಂದೀಲಿ ಗ್ರೀಸು ಕಪ್ಪಗೆ ಕಾಣ್ತಿತ್ತು. ಭಾನುವಾರ, ದಸರಾ ರಜೆ ಎಲ್ಲ ಅವನು ಬಸ್‌ಸ್ಟ್ಯಾಂಡ್ ಹಿಂದಿನ ಗ್ಯಾರೇಜಲ್ಲಿ ಇರ್ತಾನೆ ಅಂತ ನನಗೆ ಗೊತ್ತಿತ್ತು. ಬಾಯಿ ತಡೀಲಿಲ್ಲ, “ನೀನು ಗ್ಯಾರೇಜಿಗೆ ಹೋಗ್ತೀಯಲ್ಲೋ, ಅದು?” ಅಂದೆ. ಅವನು ಒಂದು ಕ್ಷಣವೂ ಯೋಚ್ನೆ ಮಾಡ್ಲಿಲ್ಲ, “ಅದು ಕೆಲಸ ಕಲಿಯೋದು ಸಾರ್, ಬಾಲಕಾರ್ಮಿಕ ಅಲ್ಲ” ಅಂದ. ಕ್ಲಾಸ್ ನಕ್ತು. ಆದ್ರೆ ನೋಡಿ, ಇಡೀ ಚಾರ್ಟಲ್ಲಿ ಇಲ್ಲದ ಪ್ರಶ್ನೆ ಆ ಒಂದು ಮಾತಲ್ಲಿ ಇತ್ತು. ಕೆಲಸ ಕಲಿಯೋದು ಎಲ್ಲಿ ಮುಗಿಯುತ್ತೆ, ದುಡಿಸ್ಕೊಳ್ಳೋದು ಎಲ್ಲಿ ಶುರುವಾಗುತ್ತೆ? 2016ರ ತಿದ್ದುಪಡಿ ಆದ್ಮೇಲೆ 14 ತುಂಬದ ಮಕ್ಕಳನ್ನ ಯಾವ ಕೆಲಸಕ್ಕೂ ಇಟ್ಕೊಳ್ಳಂಗಿಲ್ಲ, ಸ್ಕೂಲ್ ಬಿಟ್ಮೇಲೆ ಮನೆಯವರ ಕಸುಬಲ್ಲಿ ಕೈ ಜೋಡಿಸೋದು ಅಂತ ಒಂದೆರಡು ವಿನಾಯಿತಿ ಬಿಟ್ರೆ. 14ರಿಂದ 18ರ ತನಕ ಅಪಾಯಕಾರಿ ಕೆಲಸ ಮಾತ್ರ ನಿಷೇಧ. ಇವನಿಗೆ 15. ಹಾಗಾದ್ರೆ ಕಾನೂನು ಹಾಕಿದ ಗೆರೆ ಒಂದು, ನಮ್ಮೂರ ಗ್ಯಾರೇಜ್ ಮಾಲೀಕರು ಹಾಕ್ಕೊಂಡಿರೋ ಗೆರೆ ಇನ್ನೊಂದು, ಆ ಹುಡುಗನ ಮನಸಲ್ಲಿರೋ ಗೆರೆ ಮೂರನೇದು. ಪ್ರಾಜೆಕ್ಟ್ ಅಂದ್ರೆ ಇದು, ಇಟ್ಟಿಗೆ ಹೊತ್ತ ಹುಡುಗನ ಪ್ರಿಂಟ್ ಅಲ್ಲ. (ಎಲ್ಲರ ಮುಂದೆ ಅವನನ್ನ ಹಾಗೆ ಕೇಳಿದ್ದು ನನ್ನ ತಪ್ಪು, ಅದನ್ನ ಮುಂದೆ ಹೇಳ್ತೀನಿ.)

ಅವತ್ತಿಂದ ನಾನು ಟಾಪಿಕ್ ಕೊಡೋದು ಬಿಟ್ಟೆ, ಪ್ರಶ್ನೆ ಮಾಡ್ಸೋಕೆ ಶುರು ಮಾಡ್ದೆ. ಹೈಸ್ಕೂಲ್, ಪಿಯು ಮೇಷ್ಟ್ರುಗಳಿಗೆ ಉಪಯೋಗ ಆಗ್ಬಹುದು ಅಂತ ನಾನು ಮಾಡೋ ರೀತಿ ಬರೀತಿದೀನಿ.

ಮೊದಲ ಪೀರಿಯಡ್ಡಲ್ಲಿ ‘ಹಕ್ಕು’ ಅನ್ನೋ ಪದವೇ ಬೇಡ

ಹಕ್ಕು ಅಂದ ತಕ್ಷಣ ಮಕ್ಕಳು ಪುಸ್ತಕದ ಕನ್ನಡಕ್ಕೆ ಹೋಗ್ಬಿಡ್ತಾರೆ. ಅದಕ್ಕೆ ನಾನು ನೋಟ್‌ಬುಕ್ ಹಾಳೆ ಹರಿದು ಒಂದೊಂದು ಚೀಟಿ ಕೊಡ್ತೀನಿ, ಹೆಸರು ಬರೀಬೇಡಿ, ಈ ವಾರ ನೀವು ಕಣ್ಣಲ್ಲಿ ಕಂಡು ‘ಥೂ ಇದು ಸರಿಯಿಲ್ಲ’ ಅನ್ಸಿದ ಒಂದು ವಿಷಯ ಬರೀರಿ ಅಂತೀನಿ, ಟಿವೀಲಿ ನೋಡಿದ್ದು ಬೇಡ, ನಿಮ್ಮ ಕಾಲು ಹೋದ ಜಾಗದಲ್ಲಿ ಆಗಿದ್ದು. ಮೊದಲ 5 ನಿಮಿಷ ಯಾರೂ ಬರಿಯಲ್ಲ, ಪಕ್ಕದವನ ಚೀಟಿ ಇಣುಕ್ತಾರೆ. ಸುಮ್ಮನೆ ಇರಿ. ನಾವು ಮೇಷ್ಟ್ರುಗಳಿಗೆ ಮೌನ ಅಂದ್ರೆ ತಡಿಯೋಕಾಗಲ್ಲ, ಕೂಡ್ಲೇ ಒಂದು ಉದಾಹರಣೆ ಕೊಟ್ಬಿಡ್ತೀವಿ, ಕೊಟ್ಟ ಕೂಡ್ಲೇ 60 ಚೀಟೀಲೂ ಅದೇ ಉದಾಹರಣೆ.

ಬರೋ ಚೀಟಿ ಹಿಂಗಿರುತ್ತೆ: ಟಾಯ್ಲೆಟ್ಟಲ್ಲಿ ನೀರಿಲ್ಲ ಅಂತ ನಾನು ಬೆಳಗ್ಗೆಯಿಂದ ನೀರೇ ಕುಡಿಯಲ್ಲ. ಅಣ್ಣನ್ನ ಸಿಟೀಲಿ ಪಿಯುಗೆ ಸೇರ್ಸಿದ್ರು, ನನಗೆ ಎಸ್ಸೆಸ್ಸೆಲ್ಸಿ ಸಾಕು ಅಂತಾರೆ. ಅಜ್ಜಿ ಬೆರಳು ಮಿಷನ್ನಲ್ಲಿ ಒತ್ತಲ್ಲ ಅಂತ ರೇಷನ್ ಕೊಡ್ಲಿಲ್ಲ. ನಮ್ಮ ಕೇರಿಯವ್ರಿಗೆ ಹೋಟ್ಲಲ್ಲಿ ಬೇರೆ ಲೋಟ. ಬಸ್ ತುಂಬಿದೆ ಅಂತ ನಿಲ್ಸಲ್ಲ. ಮೋರಿ ಕ್ಲೀನ್ ಮಾಡೋ ಅಣ್ಣ ಬರಿಗೈಲಿ ಕಸ ಎತ್ತುತ್ತಿದ್ರು. ಇಂಥದ್ರ ಜೊತೆಗೆ ‘ಮೇಷ್ಟ್ರು ಹೋಂವರ್ಕ್ ಜಾಸ್ತಿ ಕೊಡ್ತಾರೆ’ ಅಂತ 10-12 ಚೀಟಿ ಗ್ಯಾರಂಟಿ.

ಆ ಹೋಂವರ್ಕ್ ಚೀಟಿ ಕಸದ ಬುಟ್ಟಿಗೆ ಹಾಕ್ಬೇಡಿ, ನಾನು ಹಾಕಿ ಸಿಕ್ಕಿಬಿದ್ದಿದೀನಿ. ಎರಡನೇ ಪೀರಿಯಡ್ಡಲ್ಲಿ ವಿಶ್ವಸಂಸ್ಥೆಯ ಸಾರ್ವತ್ರಿಕ ಘೋಷಣೆ ಕನ್ನಡದ್ದು ಜೆರಾಕ್ಸ್ ಮಾಡ್ಸಿ ಗುಂಪಿಗೊಂದು ಕೊಡ್ತೀನಿ. 1948ರ ಡಿಸೆಂಬರ್ 10ಕ್ಕೆ ಪ್ಯಾರಿಸ್ಸಲ್ಲಿ ಒಪ್ಪಿಗೆ ಆಗಿದ್ದು, ಒಟ್ಟು 30 ವಿಧಿ, ಕನ್ನಡ ಅನುವಾದ ನೆಟ್ಟಲ್ಲಿ ಸಿಗುತ್ತೆ. ಜೊತೆಗೆ ಸಂವಿಧಾನದ ಮೂಲಭೂತ ಹಕ್ಕುಗಳ ಪುಟ ಹೇಗೂ ಪಠ್ಯಪುಸ್ತಕದಲ್ಲೇ ಇದೆ. ನಿಮ್ಮ ಚೀಟಿ ಯಾವ ವಿಧಿ ಕೆಳಗೆ ಬರುತ್ತೆ ಹುಡುಕಿ ಅಂತ ಬಿಟ್ರೆ ಒಬ್ಬಳು ಎದ್ದು ನಿಂತು, ಸಾರ್ 24ನೇ ವಿಧಿ, ವಿಶ್ರಾಂತಿ ಮತ್ತು ಬಿಡುವಿನ ಹಕ್ಕು, ಹೋಂವರ್ಕ್ ಇಲ್ಲಿ ಬರುತ್ತೆ ಅಂದ್ಲು. ಏನ್ ಹೇಳ್ತೀರಿ? ಮಕ್ಕಳ ಹಕ್ಕುಗಳ ಒಡಂಬಡಿಕೇಲೂ 31ನೇ ವಿಧೀಲಿ ಆಟ, ವಿಶ್ರಾಂತಿ ಇದೆ, ಭಾರತ 1992ರಲ್ಲಿ ಅದಕ್ಕೆ ಸೇರ್ಕೊಂಡಿದೆ. ಆ ವರ್ಷ ಒಂದು ಗುಂಪು ‘ನಮ್ಮ ಕ್ಲಾಸಿನ ಹುಡುಗೀರಿಗೆ ಮನೆಕೆಲಸ, ಹೋಂವರ್ಕ್ ಎಲ್ಲ ಆದ್ಮೇಲೆ ಎಷ್ಟು ಹೊತ್ತು ಬಿಡುವು ಸಿಗುತ್ತೆ, ಹುಡುಗರಿಗೆ ಎಷ್ಟು’ ಅಂತ 7 ದಿನ ಟೈಮ್ ಬರೆದಿಟ್ಟು ತಂದ್ರು, ಆ ಸಲ ಬಂದಿದ್ರಲ್ಲಿ ಅದೇ ಬೆಸ್ಟು.

ಈ ವಿಧಿ ಹುಡುಕಿಸೋ ಕೆಲಸದಲ್ಲಿ ಒಂದು ಕಥೆ ತಪ್ಪದೇ ಹೇಳ್ತೀನಿ. ಆ ಘೋಷಣೆಯ ಮೊದಲನೇ ವಿಧಿ ಕರಡಲ್ಲಿ ‘ಎಲ್ಲ ಪುರುಷರೂ’ ಅನ್ನೋ ಅರ್ಥ ಬರೋ ಪದ ಇತ್ತು, ಭಾರತದಿಂದ ಹೋಗಿದ್ದ ಹಂಸಾ ಮೆಹ್ತಾ ಅವ್ರು ಹಠ ಹಿಡಿದು ಅದನ್ನ ‘ಎಲ್ಲ ಮಾನವರೂ’ ಅಂತ ಮಾಡ್ಸಿದ್ರು. ಒಂದೇ ಒಂದು ಪದ. ಪ್ರಶ್ನೇಲಿ ಪದ ಯಾಕೆ ಮುಖ್ಯ ಅಂತ ಆಮೇಲೆ ನಾನು ಬೇರೆ ಭಾಷಣ ಮಾಡೋದು ತಪ್ಪುತ್ತೆ.

ಕಾಗದಕ್ಕೂ ನೆಲಕ್ಕೂ ಮಧ್ಯೆ

ಈಗ ಕೈಲಿ ಒಂದು ಚೀಟಿ ಇದೆ, ಒಂದು ವಿಧಿ ಇದೆ. ಪ್ರಶ್ನೆ ಇವೆರಡರ ಮಧ್ಯದ ಸಂದೀಲಿ ಇರುತ್ತೆ. ಇದನ್ನ ಮಕ್ಕಳಿಗೆ ತಿಳಿಸೋಕೆ ನಾನು ಮಹಾರಾಷ್ಟ್ರದ ಮಹಾಡ್ ಕೆರೆ ಕಥೆ ಹೇಳ್ತೀನಿ. ಸಾರ್ವಜನಿಕ ಕೆರೆ ಬಾವಿ ದಲಿತರೂ ಸೇರಿ ಎಲ್ಲರಿಗೂ ಮುಕ್ತ ಅಂತ ಬಾಂಬೆ ಶಾಸನ ಪರಿಷತ್ತು 1923ರಲ್ಲೇ ನಿರ್ಣಯ ಮಾಡ್ತು. ಅಂಬೇಡ್ಕರ್ ಅವ್ರು ಸಾವಿರಾರು ಜನರ ಜೊತೆ ಹೋಗಿ ಚೌಡಾರ್ ಕೆರೆ ನೀರು ಮುಟ್ಟಿದ್ದು 1927ರ ಮಾರ್ಚ್ 20ಕ್ಕೆ. ಆಮೇಲೂ ಕೇಸು ನಡೆದು ಬಾಂಬೆ ಹೈಕೋರ್ಟ್ ತೀರ್ಪು ಬಂದಿದ್ದು 1937ಕ್ಕೆ. ಕಾಗದದಲ್ಲಿ ಹಕ್ಕು ಬಂದ್ಮೇಲೂ ನೀರು ಸಿಗೋಕೆ 14 ವರ್ಷ. ಬೋರ್ಡ್ ಮೇಲೆ ಈ ಮೂರು ಇಸವಿ ಬರೆದು “ಈ ಮಧ್ಯದಲ್ಲಿ ಏನಾಯ್ತು, ಯಾರು ತಡೆದ್ರು, ಯಾರು ಸುಮ್ನಿದ್ರು?” ಅಂತ ಕೇಳಿ ಬಿಟ್ಬಿಡಿ. ಆಮೇಲೆ ನಿಮ್ಮ ಚೀಟಿಗೂ ಹಿಂಗೇ ಎರಡು ಕಂಬ ಹಾಕಿ, ಎಡಗಡೆ ಕಾಗದದಲ್ಲಿ ಏನಿದೆ, ಬಲಗಡೆ ನೆಲದ ಮೇಲೆ ಏನಿದೆ ಅಂತ ಬರೀರಿ ಅಂತ ಹೇಳಿ.

ಎಡಗಡೆ ಕಂಬ ತುಂಬ್ಸೋಕೆ ಮಾತ್ರ ಮೇಷ್ಟ್ರು ಸ್ವಲ್ಪ ಓದ್ಕೊಂಡಿರ್ಬೇಕು, ಇಲ್ಲಿ ಸುಮ್ನಿದ್ರೆ ಮಕ್ಕಳು ಗೂಗಲ್‌ನಿಂದ ಏನೇನೋ ಎತ್ಕೊಂಡು ಬರ್ತಾರೆ. ಟಾಯ್ಲೆಟ್ ಚೀಟಿಗೆ 2009ರ ಶಿಕ್ಷಣ ಹಕ್ಕು ಕಾಯ್ದೆ, ಅದರ ಅನುಸೂಚೀಲಿ ಗಂಡು ಹೆಣ್ಣುಮಕ್ಕಳಿಗೆ ಬೇರೆ ಬೇರೆ ಶೌಚಾಲಯ, ಕುಡಿಯೋ ನೀರು, ಆಟದ ಜಾಗ, ಕಾಂಪೌಂಡು ಎಲ್ಲ ಬರೆದಿದೆ. ಬಿಸಿಯೂಟಕ್ಕೆ 2013ರ ಆಹಾರ ಭದ್ರತಾ ಕಾಯ್ದೆ, 1ರಿಂದ 5ನೇ ಕ್ಲಾಸಿಗೆ 450 ಕ್ಯಾಲೊರಿ 12 ಗ್ರಾಂ ಪ್ರೋಟೀನು, 6ರಿಂದ 8ಕ್ಕೆ 700 ಕ್ಯಾಲೊರಿ 20 ಗ್ರಾಂ. ಇಂಥ ಲೆಕ್ಕ ಸಿಕ್ಬಿಟ್ರೆ ಮಕ್ಕಳಿಗೆ ಹಬ್ಬ, ಅಳಿಯೋಕೆ ಏನೋ ಸಿಕ್ತು ಅಂತ. ಹೋಟೆಲ್ ಲೋಟಕ್ಕೆ ಸಂವಿಧಾನದ 15 (ತಾರತಮ್ಯ ನಿಷೇಧ) ಮತ್ತೆ 17ನೇ ವಿಧಿ (ಅಸ್ಪೃಶ್ಯತೆ ನಿಷೇಧ).

ಒಂದು ಚೀಟಿ ಹೇಗೆ ಪ್ರಶ್ನೆ ಆಯ್ತು ಅಂತ ಪೂರ್ತಿ ಹೇಳ್ತೀನಿ, ಯಾಕಂದ್ರೆ ಕಷ್ಟ ಎಲ್ಲ ಇಲ್ಲೇ ಇರೋದು. ಬಸ್ ಚೀಟಿ ತಗೊಳ್ಳಿ. ನಾಲ್ಕು ಹುಡುಗೀರ ಗುಂಪು, ಪಕ್ಕದ ಹಳ್ಳಿಯಿಂದ ಬರೋರು. ಮೊದಲು ಬರ್ಕೊಂಡು ಬಂದಿದ್ದು ‘ಹೆಣ್ಣುಮಕ್ಕಳ ಶಿಕ್ಷಣದ ಸಮಸ್ಯೆಗಳು’. ಇದು ಟಾಪಿಕ್ಕು, ಪ್ರಶ್ನೆ ಅಲ್ಲ, ಕೊನೇಲಿ ಪ್ರಶ್ನಾರ್ಥಕ ಚಿಹ್ನೆ ಹಾಕೋಕೆ ಆಗುತ್ತಾ ನೋಡಿ ಅಂದೆ. ‘ಹೆಣ್ಣುಮಕ್ಕಳಿಗೆ ಶಿಕ್ಷಣ ಯಾಕೆ ಸಿಗ್ತಿಲ್ಲ?’ ಅಂತ ತಂದ್ರು. ಚಿಹ್ನೆ ಬಂತು, ಆದ್ರೆ ಇದಕ್ಕೆ ಉತ್ತರ ಹೇಳೋಕೆ ಯಾರ ಮನೆಗೆ ಹೋಗ್ತೀರಿ, ಯಾವ ಹೆಣ್ಣುಮಕ್ಕಳು, ಇಂಡಿಯಾದವ್ರಾ ನಮ್ಮ ತಾಲ್ಲೂಕಿನವ್ರಾ? ಮೂರನೇ ಸಲ ‘ಬಸ್ ಸರಿಯಾಗಿ ಬರ್ತಿದ್ರೆ ಹುಡುಗೀರು ಶಾಲೆ ಬಿಡಲ್ವಾ?’ ಅಂತ. ಹೌದು, ಇಲ್ಲ ಅಂದ್ರೆ ಮುಗೀತು, 3 ವಾರದ ಕೆಲಸ ಎಲ್ಲಿ ಬಂತು ಇದರಲ್ಲಿ?

ಆಗ ಎಡಗಡೆ ಕಂಬಕ್ಕೆ ವಾಪಸ್ ಕಳ್ಸಿದೆ. ಶಿಕ್ಷಣ ಹಕ್ಕು ಓದ್ರಮ್ಮ, ಯಾವ ವಯಸ್ಸಿಗೆ ಅಂತ ಇದೆ ನೋಡಿ. 6ರಿಂದ 14, ಎಂಟನೇ ಕ್ಲಾಸಿನ ತನಕ. ಒಂದರಿಂದ ಐದಕ್ಕೆ 1 ಕಿಲೋಮೀಟರ್ ಒಳಗೆ ಶಾಲೆ, ಆರರಿಂದ ಎಂಟಕ್ಕೆ 3 ಕಿಲೋಮೀಟರ್. ಒಂಬತ್ತಕ್ಕೆ? ಒಂಬತ್ತಕ್ಕೆ ಆ ಕಾಯ್ದೇಲಿ ಏನೂ ಇಲ್ಲ. ಅವರೇ ಒಂಬತ್ತನೇ ಕ್ಲಾಸವ್ರು. ನಾಲ್ಕೂ ಜನ ಒಬ್ಬರ ಮುಖ ಒಬ್ಬರು ನೋಡ್ಕೊಂಡ್ರು. “ಹಾಗಾದ್ರೆ ನಾವು ಕಾನೂನಿಂದ ಆಚೆ ಇದೀವಾ ಸಾರ್?” ಆ ವಯಸ್ಸಿನ ಮಗುಗೆ ಅದು ಎಂಥ ಆಶ್ಚರ್ಯ ಅಂದ್ರೆ ಅಲ್ಲಿಂದ ಮುಂದೆ ನಾನು ತಳ್ಳೋ ಅವಶ್ಯಕತೇನೇ ಬರ್ಲಿಲ್ಲ. ಇನ್ನೊಬ್ಬಳು ಅಂದ್ಲು, ಶಕ್ತಿ ಯೋಜನೆ ಇದೆಯಲ್ಲ ಸಾರ್, 2023ರ ಜೂನ್ 11ರಿಂದ ಹೆಂಗಸ್ರಿಗೆ ಬಸ್ ಫ್ರೀ ಆಗಿದೆ. ಮೊದಲನೇಯವಳು ತಿರುಗಿಬಿದ್ಲು, ಟಿಕೆಟ್ ಫ್ರೀ ಕಣೇ, ಬಸ್ಸೇ ಬರ್ಬೇಕಲ್ಲ. ಈ ಜಗಳ ನಡೆಯೋಕೆ ಬಿಟ್ಟು ನಾನು ಟೀ ಕುಡಿಯೋಕೆ ಹೋದೆ, ವಾಪಸ್ ಬರೋ ಹೊತ್ತಿಗೆ ಪ್ರಶ್ನೆ ರೆಡಿ ಇತ್ತು: ‘ನಮ್ಮ ಊರಿಂದ ಹೈಸ್ಕೂಲಿಗೆ ಬರೋ 23 ಹುಡುಗೀರಿಗೆ ಬಸ್ಸಿನ ಟೈಮಿಂದ ವಾರಕ್ಕೆ ಎಷ್ಟು ಪೀರಿಯಡ್ ತಪ್ಪುತ್ತೆ, ಆ ಟೈಮು ಯಾರು ಯಾವ ಆಧಾರದ ಮೇಲೆ ಇಡ್ತಾರೆ?’

ನೋಡಿ ಇದರಲ್ಲಿ ಊರಿದೆ, ಲೆಕ್ಕ ಇದೆ, ಎಣಿಸೋಕೆ ಆಗುತ್ತೆ, ಉತ್ತರ ಹೇಳಬೇಕಾದವ್ರೂ ಇದಾರೆ. ನಾನು ಬರ್ಕೊಟ್ಟಿದ್ರೆ ಇಷ್ಟು ಚೆನ್ನಾಗಿ ಬರ್ತಿರ್ಲಿಲ್ಲ. ಬರ್ಕೊಡ್ಬೇಕು ಅಂತ ಕೈ ಕಡಿಯುತ್ತೆ, ವಿಶೇಷವಾಗಿ ಎಸ್‌ಎ ಪರೀಕ್ಷೆ ಹತ್ರ ಇದ್ದಾಗ, ಆದ್ರೂ ಬರ್ಕೊಡ್ಬೇಡಿ. ಮೇಷ್ಟ್ರು ಪ್ರಶ್ನೆ ಆದ್ರೆ ಮೇಷ್ಟ್ರಿಗೆ ಬೇಕಾದ ಉತ್ತರಾನೇ ಹುಡುಕ್ಕೊಂಡು ಬರ್ತಾರೆ, ಮಕ್ಕಳು ಅಷ್ಟು ಬುದ್ಧಿವಂತರು.

ಪ್ರಶ್ನೆ ಯಾರ ಕಡೆ ಬೆರಳು ತೋರಿಸ್ತಿದೆ?

ಈ ಬರಹದಲ್ಲಿ ಒಂದೇ ವಿಷಯ ನೆನಪಿಟ್ಕೊಳ್ಳಿ ಅಂದ್ರೆ ನಾನು ಇದನ್ನೇ ಹೇಳೋದು. ಮಕ್ಕಳು ಮಾತ್ರ ಅಲ್ಲ, ಬಿ.ಎಡ್ ಮುಗ್ಸಿದ ನಾವೂ ಮಾಡೋ ತಪ್ಪು. ಹಕ್ಕಿನ ಬಗ್ಗೆ ಪ್ರಶ್ನೆ ಕೇಳು ಅಂದ್ರೆ ಹಕ್ಕು ಕಳ್ಕೊಂಡವ್ರನ್ನೇ ಕಟಕಟೇಲಿ ನಿಲ್ಲಿಸ್ತೀವಿ. ಮೋರಿ ಚೀಟಿಯ ಹುಡುಗರು ಮೊದಲು ಬರೆದಿದ್ದು ‘ಪೌರಕಾರ್ಮಿಕರು ಗ್ಲೌಸ್ ಯಾಕೆ ಹಾಕ್ಕೊಳಲ್ಲ?’ ಅಂತ. ಕೇಳೋಕೆ ಸರಿಯಾಗೇ ಇದೆ. ಆದ್ರೆ ಆ ಪ್ರಶ್ನೆ ಹಿಡ್ಕೊಂಡು ಹೋದ್ರೆ ಬರೋ ಉತ್ತರ ‘ಅವರಿಗೆ ಅರಿವು ಇಲ್ಲ, ಜಾಗೃತಿ ಮೂಡಿಸಬೇಕು’. ಈ ಜಾಗೃತಿ ಅನ್ನೋ ಪದ ಪ್ರಾಜೆಕ್ಟಲ್ಲಿ ಬಂತು ಅಂದ್ರೆ ನನಗೆ ಅನುಮಾನ ಶುರುವಾಗುತ್ತೆ, ಯಾರದೋ ಜವಾಬ್ದಾರಿ ಜಾರಿಹೋಗ್ತಿದೆ ಅಂತ.

ಅದೇ ಪ್ರಶ್ನೆ ತಿರುಗಿಸಿ ನೋಡಿ. ಗ್ಲೌಸ್ ಕೊಡ್ಬೇಕಾದವ್ರು ಯಾರು? ವರ್ಷಕ್ಕೆ ಎಷ್ಟು ಜೊತೆ ಕೊಟ್ರು? ಸೈಜ್ ಒಂದೇನಾ, ಹೆಂಗಸ್ರ ಕೈಗೆ ಆಗೋದು ಇದೆಯಾ? ಹರಿದ್ಮೇಲೆ ಬೇರೆ ಕೊಡ್ತಾರಾ ಇಲ್ಲ ಸ್ವಂತ ದುಡ್ಡಾ? ಹುಡುಗರು ಕೇಳ್ಕೊಂಡು ಬಂದ್ರು, ಕೊಟ್ಟಿದ್ದ ಗ್ಲೌಸ್ ಎಷ್ಟು ದಪ್ಪ ಅಂದ್ರೆ ಪೊರಕೆ ಹಿಡಿಯೋಕೇ ಆಗಲ್ವಂತೆ, ಅದಕ್ಕೆ ಹಾಕ್ಕೊಳಲ್ಲ. ‘ಅರಿವು ಇಲ್ಲ’ ಅಂತ ಬರೆದಿದ್ರೆ ಎಷ್ಟು ದೊಡ್ಡ ಸುಳ್ಳು ಆಗ್ತಿತ್ತು.

ಈ ಗುಂಪಿಗೆ ಹಿನ್ನೆಲೆ ಬೇಕು ಅಂತ ನಾನು ಸ್ವಲ್ಪ ಹೇಳ್ದೆ, ನಮ್ಮ ರಾಜ್ಯದ್ದೇ ಇತಿಹಾಸ ಇದೆಯಲ್ಲ. ಬಿ. ಬಸವಲಿಂಗಪ್ಪನವರು ಮಂತ್ರಿ ಆಗಿದ್ದಾಗ, 1970ರ ದಶಕದಲ್ಲೇ, ತಲೆ ಮೇಲೆ ಮಲ ಹೊರೋದನ್ನ ಕರ್ನಾಟಕದಲ್ಲಿ ನಿಲ್ಲಿಸಿದ್ರು. ಕೋಲಾರದ ಕೆಜಿಎಫ್‌ನಲ್ಲಿ ಹುಟ್ಟಿ ಬೆಳೆದ ಬೆಜವಾಡ ವಿಲ್ಸನ್ ಈ ಹೋರಾಟಕ್ಕೇ 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ತಗೊಂಡ್ರು. 2013ರಲ್ಲಿ ದೇಶಕ್ಕೇ ಹೊಸ ಕಾಯ್ದೆ ಬಂತು, ಸುರಕ್ಷತೆ ಇಲ್ಲದೇ ಮನುಷ್ಯರನ್ನ ಮ್ಯಾನ್‌ಹೋಲಿಗೆ ಇಳಿಸೋದು ಅಪರಾಧ. ಒಳಚರಂಡೀಲಿ ಸತ್ತವ್ರ ಮನೆಯವ್ರಿಗೆ 10 ಲಕ್ಷ ಪರಿಹಾರ ಅಂತ ಸುಪ್ರೀಂ ಕೋರ್ಟ್ 2014ರಲ್ಲಿ ಹೇಳ್ತು, 2023ರಲ್ಲಿ ಅದನ್ನ 30 ಲಕ್ಷ ಮಾಡ್ತು. ಇಷ್ಟೆಲ್ಲ ಎಡಗಡೆ ಕಂಬಕ್ಕೆ ಬಂದ್ಮೇಲೆ ಬಲಗಡೆ ಕಂಬದಲ್ಲಿ ಬರಿಗೈ ಇರೋದು ನೋಡಿ ಹುಡುಗರಿಗೆ ತಾವಾಗೇ ಸಿಟ್ಟು ಬಂತು. ಸಿಟ್ಟು ಬರ್ಲಿ, ಪ್ರಶ್ನೆ ಮಾತ್ರ ತಣ್ಣಗಿರ್ಲಿ ಅಂತ ಹೇಳ್ದೆ.

ತಿರುಗಿಸೋ ಅಭ್ಯಾಸಕ್ಕೆ ಬೋರ್ಡ್ ಮೇಲೆ ಇಂಥವು ನಾಲ್ಕು ಬರೆದು ಮಕ್ಕಳ ಕೈಲೇ ಬದಲಾಯಿಸಿ. ‘ಬಡವರು ಮಕ್ಕಳನ್ನ ಯಾಕೆ ಶಾಲೆಗೆ ಕಳ್ಸಲ್ಲ’ ಅನ್ನೋದು ‘ಇಟ್ಟಿಗೆ ಗೂಡಿಗೆ ವಲಸೆ ಬಂದ ಮಕ್ಕಳನ್ನ ವರ್ಷದ ಮಧ್ಯದಲ್ಲಿ ಶಾಲೆಗೆ ಸೇರಿಸ್ಕೊಳ್ಳೋಕೆ ನಮ್ಮ ಕ್ಲಸ್ಟರಲ್ಲಿ ಏನು ಕೇಳ್ತಾರೆ, ಯಾವ ದಾಖಲೆ’ ಅಂತ ಆಗ್ಬಹುದು. ‘ಅಜ್ಜಿಯಂದಿರಿಗೆ ಬೆರಳು ಒತ್ತೋಕೆ ಯಾಕೆ ಬರಲ್ಲ’ ಅನ್ನೋದು ‘ಬೆರಳು ಒತ್ತದೇ ಇದ್ದವ್ರಿಗೆ ರೇಷನ್ ಅಂಗಡೀಲಿ ಬೇರೆ ಯಾವ ದಾರಿ ಇದೆ, ಅದನ್ನ ಅಂಗಡಿಯವ್ರು ಅವ್ರಿಗೆ ಹೇಳಿದಾರಾ’ ಅಂತ.

ಇನ್ನೊಂದು ಪರೀಕ್ಷೆ ಚಿಕ್ಕದು. ಪ್ರಶ್ನೆ ಬರೆದ ಗುಂಪಿಗೆ “ನಿಮ್ಮ ಊಹೆ ಏನು, ಅದು ತಪ್ಪಾದ್ರೆ ಏನು ಕಂಡ್ರೆ ಒಪ್ಕೋತೀರ?” ಅಂತ ಕೇಳಿ. ಉತ್ತರ ಇಲ್ಲ ಅಂದ್ರೆ ಅದು ಪ್ರಶ್ನೆ ಅಲ್ಲ, ಭಾಷಣಕ್ಕೆ ಪ್ರಶ್ನಾರ್ಥಕ ಚಿಹ್ನೆ ಹಾಕಿದಾರೆ ಅಷ್ಟೆ.

ಕೇಳಬಾರದ ಪ್ರಶ್ನೆ

ಆ ಗ್ಯಾರೇಜ್ ಹುಡುಗ ಮಾರನೇ ದಿನ ಸ್ಕೂಲಿಗೆ ಬರ್ಲಿಲ್ಲ, ಅದರ ಮಾರನೇ ದಿನಾನೂ ಇಲ್ಲ. ಮೂರನೇ ದಿನ ಬಂದ, ಹಿಂದಿನ ಬೆಂಚಲ್ಲಿ ಕೂತ. ಕ್ಲಾಸ್ ನಕ್ಕಿದ್ದು ನನಗೆ ಮರೆತೇ ಹೋಗಿತ್ತು, ಅವನಿಗೆ ಮರೆತಿರ್ಲಿಲ್ಲ. ಹಕ್ಕಿನ ಪಾಠ ಮಾಡ್ತಾ ಮಾಡ್ತಾನೇ ಒಬ್ಬನ ಮರ್ಯಾದೆ ಕಳೆದಿದ್ದೆ. ಅವನ ಹತ್ರ ಹೋಗಿ ತಪ್ಪಾಯ್ತು ಕಣೋ ಅಂದೆ, ತಲೆ ಆಡಿಸ್ದ, ಅಷ್ಟೆ.

ಅದಕ್ಕೇ ಚೀಟೀಲಿ ಹೆಸರು ಬೇಡ ಅನ್ನೋದು. ಮತ್ತೆ ಕ್ಲಾಸಲ್ಲಿರೋ ಮಗುವಿನ ಬದುಕೇ ಆ ಕ್ಲಾಸಿನ ಪ್ರಾಜೆಕ್ಟ್ ಆಗೋ ಹಾಗೆ ಬಿಡ್ಬೇಡಿ. ದಲಿತ ಕೇರಿಯಿಂದ ಬರೋ ಹುಡುಗನಿಗೇ ಅಸ್ಪೃಶ್ಯತೆ ಟಾಪಿಕ್ ಕೊಟ್ಟು ‘ನಿಮ್ಮಪ್ಪನ್ನ ಇಂಟರ್ವ್ಯೂ ಮಾಡ್ಕೊಂಡು ಬಾ’ ಅನ್ನೋ ಮೇಷ್ಟ್ರು ಈಗಲೂ ಇದಾರೆ, ಒಳ್ಳೇ ಮನಸಿಂದಾನೇ ಮಾಡ್ತಾರೆ. ಅವನಿಗೇ ಅದು ಬೇಕು ಅನ್ಸಿದ್ರೆ ಅವನು ಆರಿಸ್ಕೊಳ್ಲಿ, ನಾವು ಹಂಚಬಾರದು.

ಬಾಲ್ಯವಿವಾಹ ಇನ್ನೂ ಸೂಕ್ಷ್ಮ. ಪ್ರತಿ ವರ್ಷ ಒಂದು ಗುಂಪು ಕೇಳೇ ಕೇಳುತ್ತೆ, ಬೇಡ ಅನ್ನೋಕೂ ಆಗಲ್ಲ, 2019-21ರ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ 20ರಿಂದ 24 ವಯಸ್ಸಿನ ಹೆಣ್ಣುಮಕ್ಕಳಲ್ಲಿ 100ಕ್ಕೆ ಸುಮಾರು 21 ಜನರಿಗೆ 18 ತುಂಬೋಕೆ ಮುಂಚೆ ಮದುವೆ ಆಗಿದೆ. ಆದ್ರೆ ‘ನಿಮಗೆ ಎಷ್ಟನೇ ವಯಸ್ಸಿಗೆ ಮದುವೆ ಆಯ್ತು’ ಅಂತ 14 ವರ್ಷದ ಮಕ್ಕಳು ಮನೆ ಮನೆ ಕೇಳ್ಕೊಂಡು ಹೋದ್ರೆ ಸಂಜೆ ಒಳಗೆ ಸ್ಕೂಲ್ ಗೇಟಲ್ಲಿ ಊರು ನಿಂತಿರುತ್ತೆ, ಅದೂ ಹೋಗ್ಲಿ, ಉತ್ತರ ಕೊಟ್ಟ ಹೆಣ್ಣುಮಗಳ ಪಾಡು ಏನು? ಇಲ್ಲೂ ಪ್ರಶ್ನೇನ ತಿರುಗಿಸೋದೇ ದಾರಿ. ಬಾಲ್ಯವಿವಾಹ ಮೊದಲಿಂದಲೇ ಅಸಿಂಧು ಅಂತ ಕರ್ನಾಟಕ 2016ರಲ್ಲಿ ಕಾಯ್ದೆ ತಿದ್ದುಪಡಿ ಮಾಡ್ಕೊಂಡಿದೆ, ಬೇರೆ ಎಷ್ಟೋ ರಾಜ್ಯದಲ್ಲಿ ಹಾಗಿಲ್ಲ. ಇದು ನಮ್ಮ ಪಂಚಾಯ್ತಿ ಗೋಡೆ ಮೇಲೆ, ಅಂಗನವಾಡೀಲಿ, ಕಲ್ಯಾಣ ಮಂಟಪದಲ್ಲಿ, ಲಗ್ನಪತ್ರಿಕೆ ಪ್ರಿಂಟ್ ಮಾಡೋ ಪ್ರೆಸ್ಸಲ್ಲಿ ಎಲ್ಲಾದ್ರೂ ಬರೆದು ಹಾಕಿದಾರಾ? ಮದುವೆ ಬುಕಿಂಗ್‌ಗೆ ಬಂದವ್ರ ಹತ್ರ ವಯಸ್ಸಿನ ದಾಖಲೆ ಕೇಳ್ತಾರಾ? ಯಾರ ಮನೆ ಬಾಗಿಲೂ ತಟ್ಟದೇ ಮಾಡ್ಬಹುದಾದ ಪ್ರಾಜೆಕ್ಟ್ ಇದು.

ಒಂದು ಮಾತು ಗಟ್ಟಿಯಾಗಿ. ಚೀಟೀಲಿ ಕೆಲವೊಮ್ಮೆ ಪ್ರಾಜೆಕ್ಟ್ ಅಲ್ಲದ್ದು ಬರುತ್ತೆ, ‘ಮಾವ ಮುಟ್ತಾರೆ’ ಅಂತ ಬರ್ಬಹುದು. ಅದು ಬಂದ ಕ್ಷಣ ನೀವು ಪ್ರಾಜೆಕ್ಟ್ ಗೈಡ್ ಅಲ್ಲ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯೋ 2012ರ ಪೋಕ್ಸೊ ಕಾಯ್ದೆ ಪ್ರಕಾರ ಇಂಥದ್ದು ತಿಳಿದವ್ರು ಪೊಲೀಸ್‌ಗೆ ತಿಳಿಸಲೇಬೇಕು, ಮೇಷ್ಟ್ರಾದ್ರೂ ಸರಿ, ಸ್ಕೂಲ್ ಹೆಸರು ಕೆಡುತ್ತೆ ಅನ್ನೋ ಮಾತೇ ಇಲ್ಲ. ಸಹಾಯಕ್ಕೆ ಮಕ್ಕಳ ಸಹಾಯವಾಣಿ 1098 ಇದೆ. ಮಗುವಿನ ಗುರುತು ಎಲ್ಲೂ ಹೊರಗೆ ಬರಬಾರದು, ಸ್ಟಾಫ್ ವಾಟ್ಸಾಪ್ ಗ್ರೂಪಲ್ಲಂತೂ ಬೇಡವೇ ಬೇಡ. ಹೆಸರು ಇಲ್ಲದ ಚೀಟಿ ಅಂತ ಸುಮ್ನಿರಬೇಡಿ, ಹೆಡ್‌ಮಾಸ್ಟರ್‌ಗೆ ತಿಳಿಸಿ, 1098ಕ್ಕೆ ಫೋನ್ ಮಾಡಿ ಮುಂದೇನು ಮಾಡ್ಬೇಕು ಕೇಳಿ, ಕ್ಲಾಸಲ್ಲಿ ಆ ನಂಬರ್ ಬೋರ್ಡ್ ಮೇಲೆ ಬರೆದಿಡಿ, ನನ್ನ ಹತ್ರ ಒಬ್ಬೊಬ್ಬರೇ ಬಂದು ಮಾತಾಡ್ಬಹುದು ಅಂತ ಹೇಳಿ. ಚೀಟಿ ಓದೋದು ಮಾತ್ರ ಮೊದಲು ನೀವೊಬ್ಬರೇ, ಮಕ್ಕಳ ಕೈಲಿ ಜೋರಾಗಿ ಓದಿಸಬೇಡಿ.

ಇನ್ನು ಹೆಡ್‌ಮಾಸ್ಟರ್ ಭಯ. ‘ನಮ್ಮ ಟಾಯ್ಲೆಟ್ ಬಗ್ಗೆನೇ ಪ್ರಾಜೆಕ್ಟ್ ಮಾಡ್ಸಿ ಬಿಇಓ (ಕ್ಷೇತ್ರ ಶಿಕ್ಷಣಾಧಿಕಾರಿ) ಮುಂದೆ ಇಡ್ತೀರೇನ್ರೀ?’ ಅಂತ ನಮ್ಮವ್ರು ನನ್ನನ್ನ ಕೇಳಿದಾರೆ, ತಪ್ಪೇನಿಲ್ಲ, ನೋಟಿಸ್ ಬರೋದು ಅವರಿಗೇ. ಮೊದಲೇ ಹೇಳಿ, ಪ್ರಶ್ನೆಗಳ ಪಟ್ಟಿ ತೋರ್ಸಿ, ಉತ್ತರ ಕೊಡೋಕೆ ಅವರಿಗೂ ಒಂದು ಪುಟ ಇಡಿ. ನಮ್ಮಲ್ಲಿ ಆ ಪ್ರಾಜೆಕ್ಟ್ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಮೀಟಿಂಗಿಗೆ ಹೋಯ್ತು, ಹೋದ್ಮೇಲೆ ಹೆಡ್‌ಮಾಸ್ಟರೇ ಅದನ್ನ ತಮ್ಮ ಅರ್ಜಿ ಜೊತೆ ಪಿನ್ ಮಾಡಿ ಕಳ್ಸಿದ್ರು. ಎಲ್ಲ ಕಡೆ ಹಿಂಗೇ ಆಗುತ್ತೆ ಅಂತ ನಾನು ಹೇಳಲ್ಲ.

ಉತ್ತರ ಸಿಗೋ ಜಾಗ ನೋಡ್ಕೊಂಡು ಪ್ರಶ್ನೆ ಕತ್ತರಿಸೋದು

ಪ್ರಶ್ನೆ ಬರೆದಾದ್ಮೇಲೆ ಪಕ್ಕದಲ್ಲಿ ‘ಇದು ಯಾರಿಗೆ ಗೊತ್ತು?’ ಅಂತ ಬರೆಸಿ. ಹಾಜರಿ ಪುಸ್ತಕಕ್ಕೆ ಗೊತ್ತಾ, ಪಂಚಾಯ್ತಿಯ ಅಧಿಕಾರಿ ಪಿಡಿಓಗಾ, ಆಶಾ ಕಾರ್ಯಕರ್ತೆಗಾ, ಊರ ಅಜ್ಜಿಗಾ, ಇಲ್ಲ ನಾವೇ ನಿಂತು ಎಣಿಸ್ಬೇಕಾ. ಯಾರಿಗೂ ಗೊತ್ತಿರಲ್ಲ ಅಂದ್ರೆ ಪ್ರಶ್ನೆ ಇನ್ನೂ ದೊಡ್ಡದು. ಅಭಿಪ್ರಾಯ ಕೇಳೋದಕ್ಕೂ ಅನುಭವ ಕೇಳೋದಕ್ಕೂ ವ್ಯತ್ಯಾಸ ಇಲ್ಲೇ ಹೇಳ್ಕೊಡಿ, ‘ಸರ್ಕಾರಿ ಆಸ್ಪತ್ರೆ ಬಗ್ಗೆ ನಿಮ್ಮ ಅನಿಸಿಕೆ ಏನು’ ಅಂದ್ರೆ ‘ಪರವಾಗಿಲ್ಲ’ ಅಂತಾರೆ, ‘ಕಳೆದ ಸಲ ಹೋದಾಗ ಡಾಕ್ಟರ್ ಇದ್ರಾ, ಎಷ್ಟು ಹೊತ್ತು ಕೂತಿದ್ರಿ, ಔಷಧಿ ಹೊರಗೆ ಬರ್ಕೊಟ್ರಾ’ ಅಂದ್ರೆ ಅರ್ಧ ಗಂಟೆ ಮಾತಾಡ್ತಾರೆ.

ಪ್ರಶ್ನೆ ಚಿಕ್ಕದು ಮಾಡೋದು ಕಲಿಸೋಕೆ ನನಗೆ ಸಿಕ್ಕ ಅತಿ ಒಳ್ಳೇ ಮೇಷ್ಟ್ರು ಅಂದ್ರೆ ಮಾಹಿತಿ ಹಕ್ಕು ಅರ್ಜಿ. 2005ರ ಕಾಯ್ದೆ, 10 ರೂಪಾಯಿ ಶುಲ್ಕ, ಬಿಪಿಎಲ್ ಆದ್ರೆ ಅದೂ ಇಲ್ಲ, 30 ದಿನದೊಳಗೆ ಉತ್ತರ ಬರ್ಬೇಕು. ನಮ್ಮ ಕರ್ನಾಟಕದ ನಿಯಮದಲ್ಲಿ ಇನ್ನೊಂದು ಷರತ್ತು ಇದೆ, ಒಂದು ಅರ್ಜೀಲಿ ಒಂದೇ ವಿಷಯ, ಸಾಮಾನ್ಯವಾಗಿ 150 ಪದ ಮೀರಬಾರದು. ಹೋರಾಟಗಾರರು ಈ ನಿಯಮಕ್ಕೆ ಬೈಯೋದ್ರಲ್ಲಿ ನ್ಯಾಯ ಇದೆ, ಆದ್ರೆ ಕ್ಲಾಸಲ್ಲಿ ಮಾತ್ರ ಅದು ಚಿನ್ನ. ಮತ್ತೆ ಅಲ್ಲಿ ‘ಯಾಕೆ’ ಅಂತ ಕೇಳಿದ್ರೆ ಉತ್ತರ ಬರೋದು ಕಷ್ಟ, ಕಚೇರಿ ಹತ್ರ ಇರೋ ದಾಖಲೆ ಕೇಳ್ಬೇಕು. ‘ಬಸ್ ಯಾಕೆ ಲೇಟು’ ಅಂತ ಬರೆಯೋ ಹಾಗಿಲ್ಲ, ‘ಇಂಥ ರೂಟಿನ ಇಂಥ ತಿಂಗಳ ವೇಳಾಪಟ್ಟಿ ಮತ್ತು ಬಸ್ ಹೊರಟ ಸಮಯದ ದಾಖಲೆಯ ಪ್ರತಿ ಕೊಡಿ’ ಅನ್ಬೇಕು. ಯಾಕೆ ಅನ್ನೋದನ್ನ ಏನು, ಎಷ್ಟು, ಯಾವತ್ತು, ಯಾರು ಅಂತ ಒಡೆಯೋಕೆ ಮಕ್ಕಳಿಗೆ ಇದಕ್ಕಿಂತ ಒಳ್ಳೇ ಅಭ್ಯಾಸ ನಾನು ಕಂಡಿಲ್ಲ. ಅರ್ಜಿಗೆ ನಾನೋ ಯಾರಾದ್ರೂ ಪೋಷಕರೋ ಸಹಿ ಹಾಕ್ತೀವಿ, ಮಕ್ಕಳ ಹೆಸರು ವಿಳಾಸ ಕಚೇರಿ ಫೈಲಲ್ಲಿ ಓಡಾಡೋದು ಬೇಡ ಅಂತ.

ಪ್ರಶ್ನೆ ಮಧ್ಯದಲ್ಲಿ ಬದಲಾದ್ರೆ ಬೈಬೇಡಿ. ಎರಡನೇ ವಾರಕ್ಕೆ ಬದಲಾಗ್ಲಿಲ್ಲ ಅಂದ್ರೇನೇ ಅವ್ರು ಎಲ್ಲೂ ಹೋಗಿಲ್ಲ ಅಂತ ಲೆಕ್ಕ. ಹಳೇ ಪ್ರಶ್ನೆ ಅಳಿಸೋಕೆ ಬಿಡ್ಬೇಡಿ, ಒಂದು ಗೀಟು ಎಳೆದು ಕೆಳಗೆ ಹೊಸದು, ಪಕ್ಕದಲ್ಲಿ ತಾರೀಖು, ಯಾಕೆ ಬದಲಾಯ್ತು ಅಂತ ಒಂದು ಸಾಲು. ನಾನು ಮಾರ್ಕ್ಸ್ ಕೊಡೋದು ಈ ಗೀಟುಗಳಿಗೆ, ಚಾರ್ಟಿನ ಬಾರ್ಡರಿಗೆ ಅಲ್ಲ. ಮುಗಿದ್ಮೇಲೆ ಮಕ್ಕಳ ಗ್ರಾಮಸಭೇಲಿ ಓದೋಕೆ ಕೊಡಿಸಿ, ಪಿಡಿಓ ಮುಂದೆ ಕೂತು ಕೇಳಿಸ್ಕೊಳ್ಳೋ ದಿನ ಅದೊಂದೇ.

ಬಸ್ ಹುಡುಗೀರ ಪ್ರಶ್ನೆ ಈಗ ನಾಲ್ಕನೇ ಗೀಟಲ್ಲಿದೆ. 6 ದಿನ ಬೆಳಗ್ಗೆ ಸ್ಟಾಪಲ್ಲಿ ನಿಂತು ಟೈಮ್ ಬರ್ಕೊಂಡ್ರು, ತಡವಾಗಿದ್ದಕ್ಕಿಂತ ನಿಲ್ಲಿಸದೇ ಹೋಗಿದ್ದೇ ಜಾಸ್ತಿ ಅಂತ ಕಂಡ್ಮೇಲೆ ಮೊದಲ ಅರ್ಧ ಕಿತ್ತುಹಾಕಿದ್ರು. ಡಿಪೋಗೆ ಕಳ್ಸೋ ಅರ್ಜಿ ನಿನ್ನೆ ಬರೆದಿದಾರೆ, 212 ಪದ ಇತ್ತು, ‘ಮಾನ್ಯರೇ, ನಾವು ಬಡ ರೈತರ ಮಕ್ಕಳು’ ಅಂತ ಶುರು. ಅದನ್ನ ತೆಗೀರಮ್ಮ ಅಂದೆ, ತೆಗೆಯಲ್ಲ ಅಂದ್ರು. ಇವತ್ತು ಮಧ್ಯಾಹ್ನ ಊಟದ ಹೊತ್ತಲ್ಲಿ ಎಣಿಸಿದ್ವಿ, ಇನ್ನೂ 11 ಪದ ಜಾಸ್ತಿ ಇದೆ.